ಹಣ ಕೊಟ್ಟು ಕೊಳ್ಳುವ ಆಂಟಿವೈರಸ್ ಇಲ್ಲದೆ ಮನೆ ಕಂಪ್ಯೂಟರ್‌ಗಳನ್ನು ಕಾಯ್ದ ನನ್ನ ಅನುಭವ

ಉಡುಪಿ, ಬ್ರಹ್ಮಾವರ, ಕಟಪಾಡಿ ಕಡೆಯ ಮನೆಗಳ ಕಂಪ್ಯೂಟರ್ ರಿಪೇರಿ ಮತ್ತು ವಾರ್ಷಿಕ ನಿರ್ವಹಣೆ ನನ್ನ ಕಸುಬು. 2020ರ ಮಳೆಗಾಲದಿಂದ ಈಚೆಗೆ, ನಿರ್ವಹಣೆಗೆ ಒಪ್ಪಿಕೊಂಡ ಯಾವ ಮನೆಯ ಯಂತ್ರಕ್ಕೂ ನಾನು ಹಣ ಕೊಟ್ಟು ಕೊಳ್ಳುವ ಆಂಟಿವೈರಸ್ ಹಾಕಿಲ್ಲ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ಆಂಟಿವೈರಸ್ಸನ್ನು ಬಿಗಿಗೊಳಿಸಿ, ಮನೆಯವರು ದಿನನಿತ್ಯ ಬಳಸುವ ಖಾತೆಯಿಂದ ಅಡ್ಮಿನಿಸ್ಟ್ರೇಟರ್ ಅಧಿಕಾರ ತೆಗೆದು, ಬ್ಯಾಕಪ್ ಡಿಸ್ಕನ್ನು ಯಂತ್ರದಿಂದ ಕಳಚಿ ಇಡಿಸಿದ್ದೇನೆ. ಈ ಮಾತನ್ನು ಮೊದಲು ಹೇಳಿದಾಗ ನಮ್ಮ ವೃತ್ತಿಯವರೇ ನಕ್ಕಿದ್ದರು. "ಎಂತ ಮಾರಾಯ್ರೆ, ಫ್ರೀ ಸಿಕ್ಕಿದ್ದರಲ್ಲಿ ವೈರಸ್ ನಿಲ್ತದಾ?" ಎಂದು ಮಣಿಪಾಲದ ಗೆಳೆಯರೊಬ್ಬರು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಈಗ ನನ್ನ ಕೈಯಲ್ಲಿರುವ ಎಪ್ಪತ್ತು ಎಂಬತ್ತು ಯಂತ್ರಗಳಲ್ಲಿ ವೈರಸ್ ಕಾರಣಕ್ಕೆ ಫಾರ್ಮ್ಯಾಟ್ ಹೊಡೆಯಬೇಕಾದವು ಇಷ್ಟು ವರ್ಷಗಳಲ್ಲಿ ನಾಲ್ಕೈದು ಇರಬಹುದು. ಮೊದಲಾದರೆ ಶಾಲೆ ಕಾಲೇಜು ತೆರೆಯುವ ಜೂನ್ ತಿಂಗಳೊಂದರಲ್ಲೇ ಅಷ್ಟು ಬರುತ್ತಿದ್ದವು.

ಮೊದಲು ಹಣದ ವಿಚಾರ, ಏಕೆಂದರೆ ಆ ನಗುವಿನ ಹಿಂದೆ ಇದ್ದದ್ದು ಅದೇ. ಒಂದು ವರ್ಷದ, ಒಂದು ಯಂತ್ರದ ಆಂಟಿವೈರಸ್ ಪೆಟ್ಟಿಗೆ ಮಾರಿದರೆ ನಮಗೆ ನೂರೈವತ್ತರಿಂದ ಇನ್ನೂರು ರೂಪಾಯಿ ಉಳಿಯುತ್ತಿತ್ತು. ವರ್ಷಕ್ಕೆ ನೂರರಷ್ಟು ಪೆಟ್ಟಿಗೆ ಹೋದರೆ ಹದಿನೈದು ಇಪ್ಪತ್ತು ಸಾವಿರ. ಅದರ ಮೇಲೆ, ವೈರಸ್ ಹೊಕ್ಕ ಯಂತ್ರವನ್ನು ಫಾರ್ಮ್ಯಾಟ್ ಮಾಡಲು ಒಂದಕ್ಕೆ ಐನೂರರಿಂದ ಎಂಟುನೂರು. ಪೆಟ್ಟಿಗೆಯನ್ನೂ ಮಾರಿ, ಅದು ಸೋತಾಗ ಫಾರ್ಮ್ಯಾಟಿನ ದುಡ್ಡನ್ನೂ ಪಡೆಯುವ ವ್ಯವಹಾರವನ್ನು ಬಿಡಲು ಯಾರಿಗೆ ಮನಸ್ಸಿದ್ದೀತು? ನಾನು ಬಿಟ್ಟು, ಅದರ ಬದಲು ಮೊದಲ ಬಾರಿಯ ಸಿದ್ಧತೆಗೆ ಸಾವಿರದ ಇನ್ನೂರು, ಬಳಿಕ ವರ್ಷಕ್ಕೆ ಎರಡು ಭೇಟಿಗೆ ಒಂಬೈನೂರು ಎಂದು ದರ ಇಟ್ಟೆ. ಮೊದಲ ವರ್ಷ ಕೈ ಕಚ್ಚಿತು. ಮೂರನೆಯ ವರ್ಷಕ್ಕೆ ಪೆಟ್ಟಿಗೆಯ ಲಾಭವನ್ನು ಮೀರಿತು, ಭಾನುವಾರದ ತುರ್ತು ಕರೆಗಳೂ ನಿಂತವು.

ಹಣ ಕೊಟ್ಟ ಆಂಟಿವೈರಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮೊದಲುಗೊಂಡು ಹೊರದೇಶದ ಹೆಸರುಗಳವರೆಗೆ ಎಲ್ಲವನ್ನೂ ಮಾರಿದ ಕೈ ನನ್ನದು. ನಮ್ಮ ಮನೆಗಳಲ್ಲಿ ಸೋಲು ಉಂಟಾಗುತ್ತಿದ್ದದ್ದು ಬೇರೆ ಕಡೆಯಲ್ಲಿ. ವರ್ಷ ಮುಗಿದ ಮೇಲೆ ನವೀಕರಿಸದೆ ಆರು ತಿಂಗಳು ಹಾಗೆಯೇ ಬಿಟ್ಟ ಯಂತ್ರಗಳು, ಒಂದರ ಮೇಲೊಂದು ಎರಡು ಆಂಟಿವೈರಸ್ ಹಾಕಿ ಉಸಿರುಗಟ್ಟಿದ ಯಂತ್ರಗಳು, ಎಲ್ಲಕ್ಕಿಂತ ಹೆಚ್ಚಾಗಿ ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿ ಮುರಿದು ಪುಕ್ಕಟೆ ಓಡಿಸುವ ಫೋಟೋಶಾಪಿಗಾಗಿ ಅಥವಾ ಆಟಕ್ಕಾಗಿ ಮನೆಯ ಹುಡುಗರೇ ಆಂಟಿವೈರಸ್ ಆಫ್ ಮಾಡಿದ ಯಂತ್ರಗಳು. ಕ್ರ್ಯಾಕ್ ಜೊತೆಗೆ ಬರುವ ಸೂಚನೆಯ ಮೊದಲ ಸಾಲೇ 'ಆಂಟಿವೈರಸ್ ಆಫ್ ಮಾಡಿ' ಎಂದಿರುವಾಗ, ಆರಿಸುವ ಅಧಿಕಾರ ಆ ಹುಡುಗನ ಖಾತೆಗೇ ಇರುವಾಗ, ಪೆಟ್ಟಿಗೆಗೆ ಎಷ್ಟು ಕೊಟ್ಟರೇನು? ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅದೇ ಬಾಗಿಲಿಗೆ ನೇತುಹಾಕಿದ ಹಾಗೆ. ಈಗಲೂ ಹೊಸ ಯಂತ್ರ ಕೈಗೆ ಬಂದರೆ ನಾನು ಮೊದಲು ತೆರೆಯುವುದು, ಏನನ್ನು ಪರೀಕ್ಷಿಸಬಾರದೆಂದು ಹೇಳುವ ಡಿಫೆಂಡರಿನ ಎಕ್ಸ್‌ಕ್ಲೂಷನ್ ಪಟ್ಟಿಯನ್ನು. ಅಲ್ಲಿ ಇಡೀ ಸಿ ಡ್ರೈವೇ ಸೇರಿಕೊಂಡಿದ್ದರೆ, ಪರವಾನಗಿ ಇಲ್ಲದ ತಂತ್ರಾಂಶವನ್ನು ಚಾಲೂ ಮಾಡುವ ಯಾವುದೋ ಆಕ್ಟಿವೇಟರ್ ಓಡಿದೆ ಎಂದು ಸ್ಕ್ಯಾನ್ ಮಾಡುವ ಮೊದಲೇ ತಿಳಿಯುತ್ತದೆ.

ನನ್ನ ಪದ್ಧತಿ ಬದಲಾಗಲು ಕಾರಣವಾದದ್ದು 2020ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಬ್ರಹ್ಮಾವರದ ಬಳಿಯ ಒಂದು ಮನೆಯಲ್ಲಿ ನಡೆದ ಘಟನೆ. ಮನೆಯ ಯಜಮಾನರು ಇಪ್ಪತ್ತು ವರ್ಷಗಳಿಂದ ಯಕ್ಷಗಾನ ತಾಳಮದ್ದಳೆಗಳ ಧ್ವನಿಮುದ್ರಣ ಕೂಡಿಸಿಟ್ಟವರು. ಕ್ಯಾಸೆಟ್ಟಿನಿಂದ ಎಂಪಿ3ಗೆ ಇಳಿಸಿದ್ದು, ಆಮೇಲಿನ ವಿಡಿಯೊಗಳು, ಎಲ್ಲ ಸೇರಿ ಐನೂರು ಜಿಬಿಗೂ ಹೆಚ್ಚು. ಮಗಳ ಮಗ ಯಾವುದೋ ಕ್ರ್ಯಾಕ್ ಓಡಿಸಿದ. ವಿಂಡೋಸ್ ಅಪ್‌ಡೇಟ್ ಆಗುತ್ತಿರುವಂತೆ ತೋರುವ ಸುಳ್ಳು ಕಿಟಕಿಯೊಂದು ತೆರೆದುಕೊಂಡು, ಅದು ಮುಚ್ಚುವಷ್ಟರಲ್ಲಿ ಎಲ್ಲ ಫೈಲುಗಳ ಹೆಸರಿನ ಕೊನೆಗೆ ಹೊಸ ಬಾಲ ಅಂಟಿತ್ತು. ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ ಕುಲದ, ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ರ್‍ಯಾನ್ಸಮ್‌ವೇರ್ ಅದು: 980 ಡಾಲರ್ ಬೇಡಿಕೆ, 72 ಗಂಟೆಯೊಳಗೆ ಕೊಟ್ಟರೆ ಅರ್ಧ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 37 ಸಾವಿರ ರೂಪಾಯಿ. ಯಂತ್ರದಲ್ಲಿ ಹಣ ಕೊಟ್ಟ ಆಂಟಿವೈರಸ್ ಇತ್ತು, ಅವಧಿಯೂ ಉಳಿದಿತ್ತು. ಹುಡುಗ ಅದನ್ನು ಒಂದು ಗಂಟೆಯ ಮಟ್ಟಿಗೆ ಆರಿಸಿದ್ದನಷ್ಟೆ. ಬ್ಯಾಕಪ್ ಡಿಸ್ಕ್ ಕೂಡ ಇತ್ತು, ಆದರೆ ಅದು ಸದಾ ಯಂತ್ರಕ್ಕೆ ಸಿಕ್ಕಿಸಿಯೇ ಇರುತ್ತಿದ್ದುದರಿಂದ ಅದರೊಳಗಿನದೂ ಹೋಯಿತು.

ದುಡ್ಡು ಕೊಡಬೇಡಿ ಎಂದು ತಡೆದೆ. ಎಮ್ಸಿಸಾಫ್ಟ್ ಸಂಸ್ಥೆ 2019ರಲ್ಲಿ ಬಿಡುಗಡೆ ಮಾಡಿದ ಉಚಿತ ಡಿಕ್ರಿಪ್ಟರ್ (ಆ ಬೀಗ ಬಿಡಿಸುವ ಪ್ರೋಗ್ರಾಮ್) ಈ ಕುಲದ ಹೊಸ ರೂಪಗಳಲ್ಲಿ ಆಫ್‌ಲೈನ್ ಕೀ (ವೈರಸ್ ತನ್ನ ಸರ್ವರನ್ನು ತಲುಪಲಾಗದಾಗ ಬಳಸುವ, ಹಲವರಿಗೆ ಒಂದೇ ಆದ ಕೀಲಿ) ಬಳಕೆಯಾಗಿದ್ದರಷ್ಟೇ ಪ್ರಯೋಜನಕ್ಕೆ ಬರುತ್ತದೆ. ಬೇಡಿಕೆಯ ಚೀಟಿಯಲ್ಲಿರುವ ಐಡಿಯ ಕೊನೆಯಲ್ಲಿ 'ಟಿ1' ಇಲ್ಲದಿದ್ದರೆ ಆಸೆ ಕಡಿಮೆ. ನಮ್ಮದರಲ್ಲಿ ಇರಲಿಲ್ಲ. ಆದರೆ ಈ ವೈರಸ್ ವೇಗಕ್ಕಾಗಿ ಪ್ರತಿ ಫೈಲಿನ ಮೊದಲ 150 ಕೆಬಿಯನ್ನು ಮಾತ್ರ ಕೆಡಿಸುತ್ತದೆ. 128 ಕೆಬಿಪಿಎಸ್‌ನ ಎಂಪಿ3ಯಲ್ಲಿ ಅದು ಹತ್ತು ಸೆಕೆಂಡಿನಷ್ಟು. ಅಂಟಿಕೊಂಡ ಬಾಲವನ್ನು ಕಿತ್ತು ಹಳೆಯ ಹೆಸರು ಕೊಟ್ಟರೆ, ಆರಂಭದ ಕೆಲವು ಸೆಕೆಂಡು ಬಿಟ್ಟು ಉಳಿದ ಪ್ರಸಂಗವೆಲ್ಲ ಕೇಳಿಸುತ್ತದೆ! ಸಾವಿರಾರು ಫೈಲುಗಳ ಹೆಸರನ್ನು ಒಂದೇ ಆದೇಶದಲ್ಲಿ ಬದಲಿಸಿ ಭಾಗವತಿಕೆ ಕೇಳಿಸಿದಾಗ ಯಜಮಾನರು ಕುರ್ಚಿಯಿಂದ ಎದ್ದು ನಿಂತರು. ವಿಡಿಯೊಗಳಲ್ಲಿ ಮುಕ್ಕಾಲು ಪಾಲನ್ನು ಉಳಿಸಿದೆ. ಅದಕ್ಕೆ ಅದೇ ಕ್ಯಾಮೆರಾದ ಕೆಡದ ಒಂದು ವಿಡಿಯೊ ಬೇಕು, ಮುಂದಿನ ಹಂತಗಳನ್ನು ಇಲ್ಲಿ ಬರೆಯುವುದಿಲ್ಲ, ಆ ಕೆಲಸಕ್ಕೆ ಈಗಲೂ ಮಂಗಳೂರಿನ ಸ್ಟುಡಿಯೊಗಳಿಂದ ನನಗೆ ಕರೆ ಬರುತ್ತದೆ. ಸಣ್ಣ ಫೋಟೊಗಳು ಮಾತ್ರ ಪೂರ್ತಿ ಹೋದವು.

ಅದಾದ ಮೇಲೆ ಖಾತೆ ಬೇರ್ಪಡಿಸುವ ಕ್ರಮ ಹಿಡಿದೆ. ಅಡ್ಮಿನಿಸ್ಟ್ರೇಟರ್ ಖಾತೆ ಒಂದು, ಮನೆಯವರಿಗೆಲ್ಲ ಸ್ಟ್ಯಾಂಡರ್ಡ್ ಖಾತೆ. ಮೊದಲ ಸುತ್ತಿನಲ್ಲಿ ಇದು ಚೆನ್ನಾಗಿ ಸೋತಿತು. ಪಾಸ್‌ವರ್ಡನ್ನು ತಂದೆಗೆ ಕೊಟ್ಟರೆ ತಂದೆ ಅದನ್ನು ಮಗನಿಗೇ ಕೊಡುತ್ತಿದ್ದರು, ಏಕೆಂದರೆ ಕಂಪ್ಯೂಟರ್ ತಿಳಿದವನು ಮನೆಯಲ್ಲಿ ಅವನೊಬ್ಬನೇ. ಒಂದು ಮನೆಯಲ್ಲಿ ಅದನ್ನು ಮಾನಿಟರಿನ ಅಂಚಿಗೇ ಚೀಟಿಯಲ್ಲಿ ಅಂಟಿಸಿದ್ದರು. ಎರಡನೆಯ ಸುತ್ತಿನಲ್ಲಿ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಮೇಲೆ ನನ್ನ ಸಹಿ ಹಾಕಿ, ಮನೆಯ ಕಾಗದಪತ್ರಗಳ ಕಪಾಟಿನಲ್ಲಿ ಇಡಿಸಿದೆ. ಲಕೋಟೆ ಹರಿದಿದ್ದರೆ ಮುಂದಿನ ಫಾರ್ಮ್ಯಾಟಿಗೆ ಪೂರ್ತಿ ದರ, ಹರಿಯದಿದ್ದರೆ ಉಚಿತ. ಹೊಸ ಪ್ರೋಗ್ರಾಮ್ ಬೇಕೆಂದು ಫೋನ್ ಮಾಡಿದರೆ ಅದೇ ದಿನ ದೂರದಿಂದಲೇ ಹಾಕಿಕೊಡುತ್ತೇನೆ. ಈ ಕೊನೆಯ ಮಾತನ್ನು ಉಳಿಸಿಕೊಳ್ಳದಿದ್ದರೆ ಲಕೋಟೆ ಒಂದು ವಾರವೂ ಉಳಿಯುವುದಿಲ್ಲ.

ಸ್ಟ್ಯಾಂಡರ್ಡ್ ಖಾತೆ ಎಲ್ಲವನ್ನೂ ತಡೆಯುತ್ತದೆಂದು ಯಾರೂ ತಿಳಿಯಬಾರದು. ಬಳಕೆದಾರನ ಸ್ವಂತ ಫೈಲುಗಳನ್ನು ಕೆಡಿಸಲು ರ್‍ಯಾನ್ಸಮ್‌ವೇರಿಗೆ ಅಡ್ಮಿನ್ ಅಧಿಕಾರ ಬೇಕಿಲ್ಲ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯಲೂ ಬೇಕಿಲ್ಲ. ಆ ಖಾತೆಯ ನಿಜವಾದ ಉಪಯೋಗವೆಂದರೆ ಡಿಫೆಂಡರನ್ನು ಆರಿಸಲು, ಎಕ್ಸ್‌ಕ್ಲೂಷನ್ ಸೇರಿಸಲು, ತಾಣಗಳ ವಿಳಾಸ ಬದಲಿಸಬಲ್ಲ ಹೋಸ್ಟ್ಸ್ ಫೈಲ್ ತಿದ್ದಲು ಯಾರಿಗೂ ಆಗದಿರುವುದು. ಕಾವಲುಗಾರ ಎಚ್ಚರವಾಗಿದ್ದರೆ ಉಳಿದ ಕೆಲಸವನ್ನು ಅವನೇ ನೋಡಿಕೊಳ್ಳುತ್ತಾನೆ ಎಂಬುದಷ್ಟೇ ನನ್ನ ವಾದ. ಡಿಫೆಂಡರಿಗೆ ಹಳೆಯ ಅಪಖ್ಯಾತಿ ಇದೆ: ವಿಂಡೋಸ್ 7ರಲ್ಲಿ ಅದೇ ಹೆಸರಿನದು ಸ್ಪೈವೇರ್ ಮಾತ್ರ ನೋಡುತ್ತಿತ್ತು, ವಿಂಡೋಸ್ 8ರಲ್ಲಿ ಪೂರ್ಣ ಆಂಟಿವೈರಸ್ ಆದ ಮೇಲೂ ಕೆಲವು ವರ್ಷ ಪ್ರಯೋಗಾಲಯಗಳ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಿತ್ತು. ಈಗ ಹಾಗಿಲ್ಲ: ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಪ್ರಯೋಗಾಲಯಗಳ ವರದಿಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಆಂಟಿವೈರಸ್ ಕೊಳ್ಳಲೇಬೇಕೆನ್ನುವವರಿಗೆ ನಾನು ಹೇಳುವುದೂ ಅದೇ: ಹಿಡಿದ ವೈರಸ್ಸಿನ ಶೇಕಡಾವಾರು ಎಲ್ಲರದೂ ಹತ್ತಿರ ಹತ್ತಿರ ಇರುತ್ತದೆ, ಆದ್ದರಿಂದ ಸುಳ್ಳು ಎಚ್ಚರಿಕೆಗಳ ಸಂಖ್ಯೆಯನ್ನೂ ಯಂತ್ರವನ್ನು ನಿಧಾನಗೊಳಿಸುವ ಪ್ರಮಾಣವನ್ನೂ ನೋಡಿ ಆಯ್ದುಕೊಳ್ಳಿ.

ಡಿಫೆಂಡರನ್ನು ಬಿಗಿಗೊಳಿಸುವ ಕ್ರಮ ನಮ್ಮ ವೃತ್ತಿಯವರಿಗೆಲ್ಲ ತಿಳಿದದ್ದೇ. ಟ್ಯಾಂಪರ್ ಪ್ರೊಟೆಕ್ಷನ್ (ಡಿಫೆಂಡರನ್ನು ಬೇರೆ ಪ್ರೋಗ್ರಾಮುಗಳು ಆಫ್ ಮಾಡದಂತೆ ತಡೆಯುವುದು) ಆನ್, ಅನಗತ್ಯ ಆ್ಯಪ್ ತಡೆ ಆನ್, ಆ್ಯಪ್‌ಗಳನ್ನು ಮೈಕ್ರೋಸಾಫ್ಟ್ ಸ್ಟೋರಿನಿಂದ ಮಾತ್ರ ಪಡೆಯುವ ಆಯ್ಕೆ, ಫೈಲುಗಳ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡುವುದು. ಹಳೆಯ ಯಂತ್ರಗಳಲ್ಲಿ ಸ್ಕ್ಯಾನ್ ಬಳಸುವ ಸಿಪಿಯು ಪಾಲನ್ನು 50ರಿಂದ 20ಕ್ಕೆ ಇಳಿಸಿದರೆ 'ಫ್ಯಾನ್ ಕೂಗುತ್ತದೆ' ಎಂಬ ದೂರು ನಿಲ್ಲುತ್ತದೆ. ಹೆಚ್ಚು ಕಾಡಿದ್ದು, ಗುರುತಿಲ್ಲದ ಪ್ರೋಗ್ರಾಮುಗಳು ಫೈಲುಗಳನ್ನು ಬದಲಿಸದಂತೆ ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್. 2017ರ ಕೊನೆಯಲ್ಲಿ ವಿಂಡೋಸ್ 10ಕ್ಕೆ ಬಂದ ಈ ಸೌಲಭ್ಯ ತಾನಾಗಿ ಆನ್ ಆಗಿರುವುದಿಲ್ಲ. ಆನ್ ಮಾಡಿದರೂ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರುಗಳನ್ನಷ್ಟೇ ಕಾಯುತ್ತದೆ. ನಮ್ಮವರು ಎಲ್ಲವನ್ನೂ ಡಿ ಡ್ರೈವಿನಲ್ಲಿ ಇಡುವವರು, ಹಾಗಾಗಿ ಆ ಫೋಲ್ಡರುಗಳನ್ನು ಕೈಯಿಂದಲೇ ಸೇರಿಸಬೇಕು. ಸೇರಿಸಿದ ಮರುದಿನವೇ ಕರೆಗಳು ಸುರುವಾಗುತ್ತವೆ: ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದದ್ದು ಸೇವ್ ಆಗುವುದಿಲ್ಲ, ಸ್ಕ್ಯಾನರ್ ಫೈಲ್ ಉಳಿಸುವುದಿಲ್ಲ, ಸೊಸೈಟಿಯ ಲೆಕ್ಕ ಬರೆಯುವ ಪ್ರೋಗ್ರಾಮ್ ನಿಂತಿದೆ. ಕರಾವಳಿಯ ಮನೆಗಳಲ್ಲಿ ಇರುವ ಇಂಥ ಪ್ರೋಗ್ರಾಮುಗಳ ಅನುಮತಿಪಟ್ಟಿಯೊಂದನ್ನು ಎರಡು ವರ್ಷ ತೆಗೆದುಕೊಂಡು ಸಿದ್ಧಪಡಿಸಿದ್ದೇನೆ. ಈಗ ಅದನ್ನು ಒಂದೇ ಸ್ಕ್ರಿಪ್ಟಿನಲ್ಲಿ ಏರಿಸುತ್ತೇನೆ. ಪಟ್ಟಿಯನ್ನು ಕೇಳಿದವರಿದ್ದಾರೆ, ಕೊಟ್ಟಿಲ್ಲ. ಡೌನ್‌ಲೋಡ್ಸ್ ಫೋಲ್ಡರಿನಿಂದ ಯಾವ ಪ್ರೋಗ್ರಾಮೂ ಓಡದಂತೆ ವಿಂಡೋಸಿನ ಹೋಮ್ ಆವೃತ್ತಿಯಲ್ಲೇ ಮಾಡುವ ಉಪಾಯವೊಂದೂ ಇದೆ. ಅನುಮತಿಗಳ ಬಗ್ಗೆ ಬಲ್ಲವರು ತಾವೇ ಕಂಡುಕೊಳ್ಳುತ್ತಾರೆ.

ಮನೆಯವರ ಎದುರು ಆಂಟಿವೈರಸ್ ಎಚ್ಚರವಾಗಿದೆಯೇ ಎಂದು ನೋಡಲು ಬಳಸುವ ಐಕಾರ್ ಪರೀಕ್ಷಾ ಫೈಲನ್ನು ಇಳಿಸಿ ತೋರಿಸುವುದು ನನ್ನ ರೂಢಿ. 68 ಅಕ್ಷರಗಳ ನಿರಪಾಯ ಸಾಲು ಅದು. ಇಳಿದ ಕ್ಷಣವೇ ಡಿಫೆಂಡರ್ ಹಿಡಿದು ಕಿರುಚಿದಾಗ, ಪೆಟ್ಟಿಗೆ ಕೊಳ್ಳದ್ದಕ್ಕೆ ಹೆದರುತ್ತಿದ್ದವರ ಮುಖ ಸಡಿಲಾಗುತ್ತದೆ.

ಪೆನ್‌ಡ್ರೈವಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಪ್ರೋಗ್ರಾಮ್ ತಾನೇ ಓಡುವ ಆಟೋರನ್ ಕಾಲ ಮುಗಿಯಿತೆಂದು ನಮ್ಮವರೇ ನಿಶ್ಚಿಂತರಾಗಿದ್ದಾರೆ. ಇಂಟರ್‌ನೆಟ್‌ನಿಂದ ಇಳಿಸಿದ ಫೈಲಿಗೆ ವಿಂಡೋಸ್ ಒಂದು ಗುರುತು ಹಾಕುತ್ತದೆ, ವಿಂಡೋಸಿನದೇ ಕಾವಲು ಸೌಲಭ್ಯವಾದ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಸುವುದೂ ಸ್ಟೋರ್ ಮಾತ್ರ ಎಂಬ ಆಯ್ಕೆ ತಡೆಯುವುದೂ ಆ ಗುರುತನ್ನು ನೋಡಿ. ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಪೆನ್‌ಡ್ರೈವಿಗೆ ನಕಲಾದ ಕೂಡಲೇ ಆ ಗುರುತು ಅಳಿಸಿಹೋಗುತ್ತದೆ. ಗೆಳೆಯನ ಮನೆಯಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದ ಕ್ರ್ಯಾಕಿಗೆ ಎಚ್ಚರಿಕೆಯೇ ಬಾರದಿರುವ ಕಾರಣ ಇದೇ. ಜೆರಾಕ್ಸ್ ಅಂಗಡಿಗಳಿಂದ ಶಾರ್ಟ್‌ಕಟ್ ವೈರಸ್ ತರುವ ವಿದ್ಯಾರ್ಥಿಗಳು ಈಗಲೂ ಇದ್ದಾರೆ. ಅವರಿಗೆ ಪಿಡಿಎಫ್ ಮಾಡಿ ಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಅಂಗಡಿಗೆ ಕಳುಹಿಸಿ ಎಂದು ಹೇಳಿ, ಪೆನ್‌ಡ್ರೈವನ್ನು ಮನೆಯಲ್ಲೇ ಬಿಡಿಸಿದ್ದೇನೆ.

ಪಕ್ಕದ ಪ್ರಯೋಗಗಳೂ ನಡೆದವು. ರೌಟರಿನಲ್ಲಿಯೇ ತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಕ್ವಾಡ್9 ಸೇವೆಯ 9.9.9.9 ಹಾಕಿದರೆ ಕೆಟ್ಟ ತಾಣಗಳ ವಿಳಾಸ ಸಿಗುವುದೇ ಇಲ್ಲ, ಮನೆಯ ಮೊಬೈಲುಗಳಿಗೂ ಅದೇ ರಕ್ಷೆ. ಹತ್ತು ಹದಿನೈದು ಮನೆಗಳಲ್ಲಿ ಮಾಡಿದೆ. ಆದರೆ ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಸುಟ್ಟ ರೌಟರಿನ ಬದಲು ಹೊಸದು ಬಂದಾಗಲೆಲ್ಲ ಎಲ್ಲವೂ ಮೊದಲಿನಂತೆ ಆಗುತ್ತಿತ್ತು, ಮನೆಯವರು ನನಗೆ ಹೇಳುತ್ತಿರಲಿಲ್ಲ. ಈಗ ಯಂತ್ರದೊಳಗೇ ಹಾಕುತ್ತೇನೆ. ನಿವೃತ್ತ ಮೇಷ್ಟರೊಬ್ಬರ ಮನೆಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟೆ, ಅವರು ಇಂದಿಗೂ ಸುಖವಾಗಿದ್ದಾರೆ. ಟ್ಯಾಲಿ ಬೇಕಾದ ಮನೆಗಳಲ್ಲಿ ಅದು ಒಂದು ವಾರವೂ ನಿಲ್ಲಲಿಲ್ಲ. 'ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ' ಎಂದು ಮೂಲೆಯಲ್ಲಿ ಹಾರಿ ಬರುವ ಚೀಟಿಗಳಲ್ಲಿ ಮುಕ್ಕಾಲು ಪಾಲು ವೈರಸ್ಸೇ ಅಲ್ಲ, ಬ್ರೌಸರಿನಲ್ಲಿ ಯಾವುದೋ ತಾಣಕ್ಕೆ ಕೊಟ್ಟ ನೋಟಿಫಿಕೇಶನ್ ಅನುಮತಿ. ಅದನ್ನು ತೆಗೆಯಲು ಎರಡು ನಿಮಿಷ ಸಾಕು, ಅದಕ್ಕೆ ಫಾರ್ಮ್ಯಾಟ್ ಹೊಡೆದು ಎಂಟುನೂರು ಪಡೆಯುವವರು ನಮ್ಮ ಪೇಟೆಯಲ್ಲೂ ಇದ್ದಾರೆ.

ಬ್ಯಾಕಪ್ಪಿಗೆ ಒಂದು ಟಿಬಿಯ ಹೊರಗಿನಿಂದ ಸಿಕ್ಕಿಸುವ ಎರಡು ಡಿಸ್ಕ್, ಕೊಂಡಾಗ ಒಂದಕ್ಕೆ ನಾಲ್ಕು ಸಾವಿರದ ಆಸುಪಾಸು ಇತ್ತು. ಒಂದು ತಿಂಗಳಿಗೊಮ್ಮೆ ಸಿಕ್ಕಿಸಿ ಕಳಚುವುದಕ್ಕೆ, ಇನ್ನೊಂದು ನಾನು ಭೇಟಿಗೆ ಬಂದಾಗ ಮಾತ್ರ. ಆಟಿ ತಿಂಗಳ ಮಳೆಯ ತೇವಕ್ಕೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿ ಬೇಕು. ಎಂಟು ಸಾವಿರ ಎಂದೊಡನೆ ಹಿಂಜರಿಯುವವರಿಗೆ ಬ್ರಹ್ಮಾವರದ ಮನೆಯ 37 ಸಾವಿರದ ಚೀಟಿಯ ಫೋಟೊ ತೋರಿಸುತ್ತೇನೆ.

ಈಗಿನ ತಲೆನೋವು ವಿಂಡೋಸ್ 10. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನನ್ನ ಪಟ್ಟಿಯ ಮೂರನೆಯ ಒಂದು ಭಾಗದಷ್ಟು ಯಂತ್ರಗಳಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಅಥವಾ ತಕ್ಕ ಪ್ರೊಸೆಸರ್ ಇಲ್ಲದೆ ವಿಂಡೋಸ್ 11 ಏರುವುದಿಲ್ಲ. ಅವುಗಳನ್ನು ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಸಿದ್ದೇನೆ, ಅದರ ಅವಧಿ 2026ರ ಅಕ್ಟೋಬರ್‌ವರೆಗೆ. ಮಣಿಪಾಲದ ಗೆಳೆಯರು ಅಂಥ ಹಳೆಯ ಯಂತ್ರಗಳಿಗೆ ಒಳ್ಳೆಯ ಆಂಟಿವೈರಸ್ ಹಾಕಿದರೆ ಸಾಕೆನ್ನುತ್ತಾರೆ. ರಂಧ್ರ ಮುಚ್ಚದ ವಿಂಡೋಸ್ ಮೇಲೆ ಯಾವ ಆಂಟಿವೈರಸ್ಸೂ ನಿಲ್ಲದೆಂಬುದು ನನ್ನ ಅಭಿಪ್ರಾಯ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಹರಡಿದ್ದು ಎರಡು ತಿಂಗಳ ಹಿಂದೆಯೇ ಬಂದಿದ್ದ ಪ್ಯಾಚನ್ನು ಹಾಕದ ಯಂತ್ರಗಳಲ್ಲಿ. ಅವಧಿ ಮುಗಿದ ಮೇಲೆ ಆ ಮನೆಗಳ ನಿರ್ವಹಣೆಯನ್ನು ಹಳೆಯ ದರಕ್ಕೆ ಮುಂದುವರಿಸುವುದಿಲ್ಲವೆಂದು ಈಗಲೇ ತಿಳಿಸಿಬಿಟ್ಟಿದ್ದೇನೆ, ಸೆಕೆಂಡ್‌ಹ್ಯಾಂಡ್ ಇಂಟೆಲ್ ಎಂಟನೆಯ ತಲೆಮಾರಿನ (ವಿಂಡೋಸ್ 11 ಏರುವ) ಯಂತ್ರಗಳನ್ನು ಒಂದೊಂದಾಗಿ ಕೂಡಿಸಿಡುತ್ತಿದ್ದೇನೆ.