ಸೀಮನ್ ಮೀನಿನ ಗಡಿಯಾರ ಸರಿಹೋದದ್ದು ಹೀಗೆ

ಮನುಷ್ಯನ ಮುಖ, ಮೀನಿನ ಮೈ, ಮೈಕಿನಲ್ಲಿ ಮಾತಾಡಿಸಿದರೆ ಒರಟಾಗಿ ತಿರುಗಿ ಕೇಳುವ ಪ್ರಾಣಿ. ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಎಂಬ ವಿಡಿಯೋ ಗೇಮ್ ಯಂತ್ರಕ್ಕೆ 1999ರಲ್ಲಿ ಜಪಾನಿನಲ್ಲಿ ಬಂದ 'ಸೀಮನ್' ಎಂದರೆ ನನಗೆ ಪ್ರಾಣ. ಯೂಟ್ ಸೈತೊ ರೂಪಿಸಿದ ಈ ಆಟ ನಿಜವಾದ ಗಡಿಯಾರದ ಜೊತೆ ನಡೆಯುತ್ತದೆ. ನಾವು ಆಡದಿದ್ದಾಗಲೂ ತೊಟ್ಟಿಯೊಳಗೆ ಹೊತ್ತು ಹೋಗುತ್ತಿರುತ್ತದೆ, ಹಸಿವೂ ಆಗುತ್ತದೆ.

ನನ್ನ ಹಳೆಯ ಯಂತ್ರ ಮಾತ್ರ ಆನ್ ಮಾಡಿದಾಗಲೆಲ್ಲ ದಿನಾಂಕ ಕೇಳುತ್ತಿತ್ತು. ಮನೆಯಲ್ಲಿ ಯಾರಾದರೂ ಹಾಗೇ ಮುಂದೆ ಒತ್ತಿಬಿಟ್ಟರೆ 1998ಕ್ಕೆ ಹೋಗಿ ನಿಲ್ಲುತ್ತಿತ್ತು. ಮೀನಿನ ಲೆಕ್ಕವೆಲ್ಲ ಏರುಪೇರು. ಸೇವ್ ಕಡತ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಯಂತ್ರದ ಗಡಿಯಾರವನ್ನು ನಡೆಸುವ, ವಯಸ್ಸಾಗಿ ಸತ್ತ ಒಳಗಿನ ಬ್ಯಾಟರಿಯಲ್ಲಿ.

ವಿದ್ಯುತ್ ತಂತಿ ತೆಗೆದು, ಪಕ್ಕದ ಮೋಡೆಮ್ ಎಳೆದೆ. ಒಂದು ಸ್ಕ್ರೂ ಅದರ ಕೆಳಗೇ ಅಡಗಿದೆ, ನೆನಪಿರಲಿ. ಮುಂಭಾಗದ ಕಂಟ್ರೋಲರ್ ಬೋರ್ಡಿನ ಮೇಲೆ ನಾಣ್ಯದಂಥ ಬ್ಯಾಟರಿ ಬೆಸುಗೆಯಲ್ಲಿ ಕೂತಿತ್ತು. ಅದನ್ನು ಬಿಡಿಸಿ, ಅಲ್ಲಿ ಹೋಲ್ಡರ್ ಬೆಸೆದು, ಚಾರ್ಜ್ ಆಗುವ ಎಂಎಲ್2032 ಬ್ಯಾಟರಿ ಹಾಕಿದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿಆರ್2032 ಗಾತ್ರದಲ್ಲಿ ಒಂದೇ, ಆದರೆ ಅದು ಚಾರ್ಜ್ ಆಗುವ ಜಾತಿಯಲ್ಲ. ಈ ಯಂತ್ರ ಬ್ಯಾಟರಿಗೆ ಚಾರ್ಜ್ ಕೊಡುತ್ತದೆ, ಹಾಗಾಗಿ ಸಿಆರ್2032 ಅನ್ನು ನೇರವಾಗಿ ಹಾಕಲೇಬಾರದು. ಧನ-ಋಣ ಗುರುತುಗಳನ್ನೂ ಎರಡೆರಡು ಸಲ ನೋಡಿಕೊಂಡೆ.

ಹೊಸ ಬ್ಯಾಟರಿ ತುಂಬಲಿ ಎಂದು ಯಂತ್ರವನ್ನು ಬಹಳ ಹೊತ್ತು ಆನ್ ಇಟ್ಟೆ, ಆಮೇಲೆ ದಿನಾಂಕ ಕೊಟ್ಟೆ. ಮರುದಿನ ಅದು ಏನನ್ನೂ ಕೇಳಲಿಲ್ಲ. ತೊಟ್ಟಿಯ ಶಾಖ ಸರಿಮಾಡಿ, ಗಾಳಿ ತುಂಬಿಸಿ ಆಹಾರ ಹಾಕಿದೆ.