ಶಾಸಕರ ಆಸ್ಪತ್ರೆ ಖರ್ಚಿನ ಲೆಕ್ಕ ಕೇಳುವುದು ಹೇಗೆ?

ಶಾಸಕರು, ಸಚಿವರು ಆಸ್ಪತ್ರೆ ಬಿಲ್ ಸಲ್ಲಿಸಿ ಸರ್ಕಾರದಿಂದ ಹಣ ಮರಳಿ ಪಡೆಯುತ್ತಾರೆ. ಅದು ಬೊಕ್ಕಸದ ದುಡ್ಡು. ವರ್ಷಕ್ಕೆ ಎಷ್ಟು ಹೋಯಿತು, ಯಾವ ನಿಯಮದಡಿ ಹೋಯಿತು ಎಂದು ಕೇಳುವ ಅವಕಾಶವನ್ನು 2005ರ ಮಾಹಿತಿ ಹಕ್ಕು ಕಾಯ್ದೆ ಕೊಟ್ಟಿದೆ. ಇಂಥ ಅರ್ಜಿ ಮೊದಲ ಹಂತದಲ್ಲೇ ಬಿದ್ದುಹೋಗುವುದಕ್ಕೆ ದೊಡ್ಡ ಕಾರಣವೆಂದರೆ, ಅರ್ಜಿದಾರರು ಲೆಕ್ಕದ ಬದಲು ಕಾಯಿಲೆ ಕೇಳಿರುತ್ತಾರೆ. ‘ಇಂಥ ಶಾಸಕರಿಗೆ ಏನಾಗಿತ್ತು, ಯಾವ ಆಪರೇಷನ್ ಆಯಿತು’ ಎಂದರೆ ‘ವೈಯಕ್ತಿಕ ಮಾಹಿತಿ, ಸೆಕ್ಷನ್ 8(1)(ಜೆ)’ ಎಂಬ ಹಿಂಬರಹ ಬಂದೇ ಬರುತ್ತದೆ. ಅದು ತಪ್ಪೂ ಅಲ್ಲ. ರೋಗಿಯ ಗುಟ್ಟು ರೋಗಿಯದೇ, ಅವರು ಯಾವ ಹುದ್ದೆಯಲ್ಲಿದ್ದರೂ. ನ್ಯಾಯಮೂರ್ತಿಗಳ ವೈದ್ಯಕೀಯ ವೆಚ್ಚದ ವಿವರ ಕೇಳಿದ್ದ ಪ್ರಕರಣವನ್ನು ಸುಪ್ರೀಂ ಕೋರ್ಟ್ 2015ರಲ್ಲೇ ತಳ್ಳಿಹಾಕಿದೆ. ಆಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 8(1)(ಜೆ)ಯನ್ನು ಇನ್ನಷ್ಟು ಬಿಗಿ ಮಾಡಿದೆ. ಹಾಗಾಗಿ ಪ್ರಶ್ನೆ ರೂಪಿಸುವುದರಲ್ಲೇ ಅರ್ಧ ಕೆಲಸ ಇದೆ.

ಮೊದಲು ವಿಳಾಸ. ಶಾಸಕರ ಲೆಕ್ಕಕ್ಕೆ ಕರ್ನಾಟಕ ವಿಧಾನಸಭೆ ಸಚಿವಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ವಿಧಾನ ಪರಿಷತ್ತಿಗೆ ಬೇರೆಯದೇ ಸಚಿವಾಲಯವಿದೆ, ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಬೇಡಿ. ಸಚಿವರದ್ದಾದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯಿಂದ ಶುರು ಮಾಡಬಹುದು. ಕಡತ ಬೇರೆ ಕಚೇರಿಯಲ್ಲಿದ್ದರೆ ಸೆಕ್ಷನ್ 6(3)ರಂತೆ 5 ದಿನದೊಳಗೆ ಅಲ್ಲಿಗೆ ವರ್ಗಾಯಿಸುವುದು ಅವರ ಹೊಣೆ. ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಅರ್ಜಿ ವಾಪಸ್ ಕಳಿಸುವಂತಿಲ್ಲ.

ಕರ್ನಾಟಕದ ನಿಯಮದಲ್ಲಿ ಎರಡು ಮಿತಿಗಳಿವೆ: ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಹೊಸಬರು ಎಡವುವುದು ಇಲ್ಲೇ. ವೈದ್ಯಕೀಯ ವೆಚ್ಚದ ಜೊತೆ ಪ್ರಯಾಣ ಭತ್ಯೆ, ವಿದೇಶ ಪ್ರವಾಸ ಎಲ್ಲವನ್ನೂ ಸೇರಿಸಿದರೆ ಅದೇ ನೆಪದಲ್ಲಿ ಅರ್ಜಿ ತಿರಸ್ಕೃತವಾಗಬಹುದು. ನಮೂನೆ ‘ಎ’ಯಲ್ಲಿ ಬರೆದು 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಪ್ರತಿಗೆ ಎ4 ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ದಾಖಲೆ ತೋರಿಸಿದರೆ ಅರ್ಜಿ ಶುಲ್ಕವಿಲ್ಲ. ಸೆಕ್ಷನ್ 28ರಡಿ ಸದನಗಳು ತಮ್ಮದೇ ನಿಯಮ ಮಾಡಿಕೊಳ್ಳಬಹುದು. ಆದ್ದರಿಂದ ಪೋಸ್ಟಲ್ ಆರ್ಡರ್ ಯಾರ ಹೆಸರಿಗಿರಬೇಕು, ಎಷ್ಟಕ್ಕಿರಬೇಕು ಎಂದು ಆ ಸಚಿವಾಲಯದಲ್ಲೇ ಮೊದಲು ವಿಚಾರಿಸಿ. ಹೆಸರು ತಪ್ಪಿದರೆ ಒಂದು ತಿಂಗಳು ವ್ಯರ್ಥ. ಯಾಕೆ ಬೇಕು ಎಂದು ಕಾರಣ ಬರೆಯಬೇಕಿಲ್ಲ, ಸೆಕ್ಷನ್ 6(2) ಅದನ್ನು ಸ್ಪಷ್ಟವಾಗಿ ಹೇಳಿದೆ.

ಇನ್ನು ಪ್ರಶ್ನೆ. ‘ಕಳೆದ ಕೆಲವು ವರ್ಷ’ ಎಂಬ ಮಾತು ಬೇಡ, ಆರ್ಥಿಕ ವರ್ಷ ನಮೂದಿಸಿ. ಈ ಒಕ್ಕಣೆ ಸಾಕು:

‘2022–23, 2023–24 ಮತ್ತು 2024–25ನೇ ಸಾಲಿನಲ್ಲಿ ವಿಧಾನಸಭೆಯ ಸದಸ್ಯರ ವೈದ್ಯಕೀಯ ವೆಚ್ಚ ಮರುಪಾವತಿಗೆ ಸಂಬಂಧಿಸಿದಂತೆ: ಆಯವ್ಯಯದಲ್ಲಿ ಒದಗಿಸಿದ ಮೊತ್ತ ಹಾಗೂ ವಾಸ್ತವ ವೆಚ್ಚ, ವರ್ಷವಾರು. ಹಾಲಿ ಮತ್ತು ಮಾಜಿ ಸದಸ್ಯರ ವೆಚ್ಚ ಪ್ರತ್ಯೇಕವಾಗಿ. ಮಂಜೂರಾದ ಹಾಗೂ ತಿರಸ್ಕೃತವಾದ ಬಿಲ್ಲುಗಳ ಸಂಖ್ಯೆ. ಮರುಪಾವತಿಗೆ ಅನ್ವಯಿಸುವ ನಿಯಮಗಳು ಮತ್ತು ದರಪಟ್ಟಿಯ ಪ್ರತಿ. ನಿಯಮ ಸಡಿಲಿಸಿ ಹೆಚ್ಚುವರಿ ಮೊತ್ತ ಮಂಜೂರು ಮಾಡಿದ ಆದೇಶಗಳ ಪ್ರತಿ. ಹೆಸರು, ರೋಗದ ವಿವರವನ್ನು ಸೆಕ್ಷನ್ 10ರಂತೆ ಮರೆಮಾಡಿ ಕೊಡಬಹುದು.’

ಕೊನೆಯ ಎರಡು ಸಾಲುಗಳೇ ಈ ಅರ್ಜಿಯ ಜೀವ. ಒಟ್ಟು ಮೊತ್ತದಿಂದ ತಿಳಿಯುವುದು ಕಡಿಮೆ. ಒಬ್ಬ ಸದಸ್ಯರಿಗೆ ಅಂಗಾಂಗ ಕಸಿಯಾದರೆ ಆ ವರ್ಷದ ಅಂಕಿ ಏರುತ್ತದೆ, ಅದರಲ್ಲಿ ತಪ್ಪೇನಿಲ್ಲ. ದರಪಟ್ಟಿ ಮೀರಿ ಎಷ್ಟು ಸಲ, ಯಾರ ಆದೇಶದಿಂದ, ಯಾವ ಕಾರಣ ಬರೆದು ಕೊಟ್ಟರು ಎಂಬುದರಲ್ಲಿ ನಿಜವಾದ ವಿಷಯವಿದೆ. ಹೆಸರು ಮುಚ್ಚಿ ಕೊಡಿ ಎಂದು ನೀವೇ ಬರೆದಾಗ 8(1)(ಜೆ) ಎತ್ತಲು ಅವರಿಗೆ ಆಧಾರ ಉಳಿಯುವುದು ಕಷ್ಟ.

‘ಕ್ರೋಡೀಕರಿಸಿದ ಮಾಹಿತಿ ಲಭ್ಯವಿಲ್ಲ’ ಎಂಬ ಉತ್ತರವೂ ಬರಬಹುದು. ಇದ್ದ ಮಾಹಿತಿ ಕೊಡುವುದಷ್ಟೇ ಕಚೇರಿಯ ಕರ್ತವ್ಯ, ಹೊಸ ಪಟ್ಟಿ ತಯಾರಿಸುವುದಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಅಂದರೆ ‘5 ಲಕ್ಷಕ್ಕಿಂತ ಹೆಚ್ಚು ಪಡೆದವರ ಪಟ್ಟಿ ಮಾಡಿಕೊಡಿ’ ಎಂದು ಕೇಳಿ ಫಲವಿಲ್ಲ. ಇರುವ ದಾಖಲೆಯನ್ನೇ ಕೇಳಿ: ಬಿಲ್ಲುಗಳ ವಹಿ, ಮಂಜೂರಾತಿ ಆದೇಶ. ಪ್ರತಿ ಬಹಳವಾದರೆ ಕಡತ ಪರಿಶೀಲನೆಗೆ ದಿನ ಕೊಡಿ ಎನ್ನಿ, ಅದೂ ಕಾಯ್ದೆಯೊಳಗಿನ ಹಕ್ಕೇ. ಅರ್ಜಿಗೆ ಮೊದಲು ಬಜೆಟ್ ಪುಸ್ತಕದಲ್ಲಿ ಶಾಸಕಾಂಗದ ಲೆಕ್ಕ ಶೀರ್ಷಿಕೆ ಸಂಖ್ಯೆ 2011, ಸಚಿವ ಸಂಪುಟದ ಲೆಕ್ಕ ಶೀರ್ಷಿಕೆ ಸಂಖ್ಯೆ 2013 ನೋಡಿಕೊಳ್ಳಿ (ಇವು ಇಸವಿಗಳಲ್ಲ). ಬಂದ ಉತ್ತರವನ್ನು ತಾಳೆ ನೋಡಲು ಬೇಕಾಗುತ್ತದೆ.

ಖುದ್ದಾಗಿ ಕೊಟ್ಟರೆ ಟಪಾಲು ವಿಭಾಗದ ಮೊಹರು ಹಾಕಿಸಿಕೊಳ್ಳಿ, ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ರಸೀದಿ ಜೋಪಾನವಾಗಿಡಿ. ಅರ್ಜಿ ತಲುಪಿದ 30 ದಿನದೊಳಗೆ ಉತ್ತರ ಬರಬೇಕು. ಮೂರನೆಯವರಿಗೆ (ಇಲ್ಲಿ ಶಾಸಕರಿಗೆ) ನೋಟಿಸ್ ಕೊಟ್ಟು ಅಭಿಪ್ರಾಯ ಕೇಳುವ ಪ್ರಕರಣವಾದರೆ 40 ದಿನ. ಹೆಚ್ಚುವರಿ ಶುಲ್ಕ ಕೇಳಿ ಪತ್ರ ಬಂದಿದ್ದರೆ, ಆ ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವವರೆಗಿನ ದಿನಗಳು ಲೆಕ್ಕಕ್ಕಿಲ್ಲ. ಅವಧಿ ಮುಗಿದರೂ ಉತ್ತರವಿಲ್ಲದಿದ್ದರೆ ಅದನ್ನು ನಿರಾಕರಣೆ ಎಂದೇ ತಿಳಿಯಬೇಕು, ಮತ್ತು ಆಮೇಲೆ ಕೊಡುವ ಮಾಹಿತಿಗೆ ಶುಲ್ಕ ಕೇಳುವಂತಿಲ್ಲ.

ಮೊದಲ ಮೇಲ್ಮನವಿ ಅದೇ ಕಚೇರಿಯ ಮೇಲಧಿಕಾರಿಗೆ, 30 ದಿನದೊಳಗೆ. ಅದರಲ್ಲಿ ಸೆಕ್ಷನ್ 8(2)ನ್ನು ಮರೆಯದೆ ಎತ್ತಿ: ಸಾರ್ವಜನಿಕ ಹಿತ ದೊಡ್ಡದಾದಾಗ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಎಂಬ ಈ ಅಂಶ 2023ರ ಕಾಯ್ದೆ ತಂದ ತಿದ್ದುಪಡಿಯ ನಂತರವೂ ಉಳಿದಿದೆ. ಸಾರ್ವಜನಿಕ ಹಿತ ಎಂಬ ಪದ ಬರೆದರೆ ಸಾಲದು, ಕಾರಣ ತೋರಿಸಬೇಕು. ಬಜೆಟ್ ಅಂಕಿಗಿಂತ ವೆಚ್ಚ ಎಷ್ಟು ಮೀರಿದೆ ಎಂದು ಅವರದೇ ದಾಖಲೆಯಿಂದ ತೋರಿಸಿದರೆ ವಾದಕ್ಕೆ ಬಲ ಬರುತ್ತದೆ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹಾಕಿ. ಮೂಲ ಅರ್ಜಿ, ಪೋಸ್ಟಲ್ ಆರ್ಡರ್ ಪ್ರತಿ, ಹಿಂಬರಹ, ಮೊದಲ ಮೇಲ್ಮನವಿ ಮತ್ತು ಅದರ ಆದೇಶವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪುಟಸಂಖ್ಯೆ ಹಾಕಿ ಲಗತ್ತಿಸಿ. ಸಕಾರಣವಿಲ್ಲದ ವಿಳಂಬಕ್ಕೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಅದನ್ನು ಮೇಲ್ಮನವಿಯ ಕೋರಿಕೆಯಲ್ಲೇ ಬರೆಯಿರಿ.