ಬಿಸ್ಕತ್ತಿನಿಂದ ಮೊಸರನ್ನದವರೆಗೆ: ಹಾಲು ಆಗದ ಮಗುವಿಗೆ ನಾನು ಕಟ್ಟಿದ ಏಣಿ

ನನ್ನ ಮಗ ಈಗ ಮೊಸರನ್ನ ಉಣ್ಣುತ್ತಾನೆ. ತುತ್ತಲ್ಲ, ತುಂಬಿದ ಬಟ್ಟಲು. ಮಲದಲ್ಲಿ ರಕ್ತವಿಲ್ಲ, ಲೋಳೆಯಿಲ್ಲ, ಮೊಣಕೈ ಸಂದಿಯ ಇಸುಬು ಮರಳಿಲ್ಲ. ಚೆನ್ನಾಗಿ ಬೆಂದ ತಿಂಡಿಯೊಳಗಿನ ಚೂರು ಹಾಲಿನಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಬರೀ ಹಾಲಿನವರೆಗೆ ಮಗುವನ್ನು ಒಗ್ಗಿಸುವ ಹಾಲಿನ ಏಣಿ ಎಂಬುದು ಬ್ರಿಟನ್ನಿನ ಅಡುಗೆಮನೆಗೆ ಹೇಳಿ ಮಾಡಿಸಿದ್ದು, ಮುದ್ದೆ ತಿರುವುವ ಮನೆಯಲ್ಲಿ ಅದು ನಡೆಯುವುದಿಲ್ಲ ಎಂದವರು ಒಬ್ಬಿಬ್ಬರಲ್ಲ. ಅವರಲ್ಲಿ ಬಂಧುಗಳಿದ್ದರು, ಒಬ್ಬ ವೈದ್ಯರೂ ಇದ್ದರು. ನಡೆಯಿತು. ಹೇಗೆ ನಡೆಸಿದೆ ಎಂಬುದನ್ನು ನೆನಪಿರುವಷ್ಟು ಬರೆಯುತ್ತೇನೆ. ಇಂಥ ಮಗುವನ್ನು ಸಾಕುತ್ತಿರುವವರೇ ಇದನ್ನು ಓದುತ್ತಾರೆಂದು ತಿಳಿದಿದ್ದೇನೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು ಬೇರೆ, ಹಾಲಿನ ಪ್ರೋಟೀನಿನ ಅಲರ್ಜಿ ಬೇರೆ ಎಂಬ ಪಾಠದಿಂದ ಶುರುಮಾಡುವುದಿಲ್ಲ.

ಆದರೆ ಒಂದು ಮಾತನ್ನು ಮೊದಲೇ ಹೇಳಬೇಕು. ನನ್ನ ಮಗನದು ಹಾಲಿನ ಪ್ರೋಟೀನಿನ ಅಲರ್ಜಿ, ಅದರಲ್ಲೂ ನಿಧಾನದ ಬಗೆ. ಹಾಲು ಹೊಟ್ಟೆಗೆ ಹೋಗಿ ಗಂಟೆಗಳೋ ದಿನಗಳೋ ಕಳೆದ ಮೇಲೆ ತೊಂದರೆ ತೋರುವಂಥದ್ದು, ತಕ್ಷಣದ ಅಲರ್ಜಿಯನ್ನು ತರುವ ಐಜಿಇ ಎಂಬ ಪ್ರತಿಕಾಯಗಳ ಪಾತ್ರವಿಲ್ಲದ್ದು. ತಿಂದ ಕೆಲವೇ ನಿಮಿಷಗಳಲ್ಲಿ, ಅಥವಾ ಎರಡು ಗಂಟೆಯೊಳಗೆ, ಮೈಮೇಲೆ ದದ್ದು ಏಳುವ, ತುಟಿ ಊದುವ, ಉಸಿರಾಡಲು ಕಷ್ಟಪಡುವ ಮಗುವಿಗೆ ಈ ಬರಹದ ಒಂದು ಮೆಟ್ಟಿಲನ್ನೂ ಮನೆಯಲ್ಲಿ ಹತ್ತಿಸಬೇಡಿ. ತಿಂದ ಒಂದರಿಂದ ನಾಲ್ಕು ಗಂಟೆಯೊಳಗೆ ಮೇಲಿಂದ ಮೇಲೆ ವಾಂತಿಯಾಗಿ, ಬಿಳಿಚಿಕೊಂಡು, ಜೋತುಬೀಳುವ ಮಗುವಿಗೂ ಇದೇ ಮಾತು. ಅಂಥವರ ಮೊದಲ ತುತ್ತು ಆಸ್ಪತ್ರೆಯಲ್ಲೇ ಆಗಬೇಕು. ಉಸಿರಿನ ತೊಂದರೆಯಾಗುವ ಮಕ್ಕಳ ಮನೆಯವರು ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದಿನ ವಿಷಯವನ್ನು ವೈದ್ಯರ ಬಳಿ ಕೇಳಿ ಕಲಿತಿರಬೇಕು. ತಾನಾಗಿ ಚುಚ್ಚುವ ಪೆನ್ನು ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮದ್ದನ್ನು ಸಿರಿಂಜಿಗೆ ಎಳೆದು ತೊಡೆಯ ಹೊರಬದಿಗೆ ಕೊಡುವುದನ್ನು ವೈದ್ಯರ ಮುಂದೆಯೇ ಮಾಡಿ ತೋರಿಸಿ ಬನ್ನಿ.

ನಮ್ಮದು ಚನ್ನರಾಯಪಟ್ಟಣದ ಹತ್ತಿರದ ಊರು. ಕೊಟ್ಟಿಗೆಯಲ್ಲಿ ಹಸುಗಳಿವೆ, ಬೆಳಗ್ಗೆ ಸಂಜೆ ಡೇರಿಗೆ ಹಾಲು ಹೋಗುತ್ತದೆ. ಮಗುವಿಗೆ ಎರಡು ತಿಂಗಳಾಗುವ ಹೊತ್ತಿಗೆ ಮಲದಲ್ಲಿ ಲೋಳೆ, ಲೋಳೆಯಲ್ಲಿ ರಕ್ತದ ಎಳೆ ಕಾಣಿಸಿತು. ಮಗು ಆಡಿಕೊಂಡಿತ್ತು, ತೂಕ ಏರುತ್ತಿತ್ತು. ಸೋಂಕಲ್ಲ, ಗುದದ ಬಿರುಕಲ್ಲ ಎಂದು ನೋಡಿದ ಮೇಲೆ ಮಕ್ಕಳ ವೈದ್ಯರು ನನ್ನ ಊಟದಿಂದ ಹಾಲನ್ನು ಪೂರ್ತಿ ತೆಗೆಯಲು ಹೇಳಿದರು. ಬಾಣಂತನದ ಮನೆಯಲ್ಲಿ ಈ ಮಾತು ಹೇಗೆ ಬಿದ್ದಿರಬಹುದು ಎಂದು ನೀವೇ ಯೋಚಿಸಿ. ತುಪ್ಪವಿಲ್ಲದ ಅನ್ನ, ತುಪ್ಪವಿಲ್ಲದ ಅಂಟಿನುಂಡೆ, ಹಾಲಿಲ್ಲದ ಮೆಂತ್ಯದ ಗಂಜಿ! "ನಮ್ಮ ಕೊಟ್ಟಿಗೆಯ ಹಾಲು ನಮ್ಮ ಮಗುವಿಗೇ ಆಗುವುದಿಲ್ಲವೇನಮ್ಮ?" ಎಂದು ಅತ್ತೆ ಕಣ್ಣೀರು ಹಾಕಿದರು. ಅವರನ್ನು ನಾನು ದೂರುವುದಿಲ್ಲ. ಆ ಹಾಲಿನಿಂದಲೇ ಅವರು ಮೂರು ಮಕ್ಕಳನ್ನು ಓದಿಸಿದ್ದಾರೆ.

ಮೊದಲ ಸಲ ಹಾಲು ಬಿಟ್ಟಾಗ ಏನೂ ಆಗಲಿಲ್ಲ. ಎರಡು ಮೂರು ವಾರ ಕಳೆದರೂ ರಕ್ತ ನಿಲ್ಲಲಿಲ್ಲ. ಎಲ್ಲರೂ "ನೋಡಿದೆಯಾ, ಹಾಲಲ್ಲ" ಎಂದರು. ಕಾರಣ ಸಿಕ್ಕಿದ್ದು ತುಪ್ಪದ ಭರಣಿಯಲ್ಲಿ. ಹಾಲು, ಮೊಸರು ಬಿಟ್ಟಿದ್ದರೂ ಮನೆಯ ತುಪ್ಪ ಉಂಡೆಯಲ್ಲಿ ಹೋಗುತ್ತಲೇ ಇತ್ತು. ತುಪ್ಪವೆಂದರೆ ಬರೀ ಕೊಬ್ಬು ಎನ್ನುತ್ತಾರೆ. ಮನೆಯಲ್ಲಿ ಬೆಣ್ಣೆ ಕಾಯಿಸಿದಾಗ ತಳದಲ್ಲಿ ಉಳಿಯುವ ಗಸಿ ಹಾಲಿನ ಪ್ರೋಟೀನೇ, ಅದು ಸ್ವಲ್ಪವಾದರೂ ತುಪ್ಪದೊಂದಿಗೆ ಬರುತ್ತದೆ. ಅದನ್ನೂ ಬಿಟ್ಟೆ. ಬದಲಿಗೆ ಸೋಯಾ ಹಾಲು ತರಿಸಿದೆ, ಮತ್ತೆ ಲೋಳೆ. ಇಂಥ ನಿಧಾನದ ಬಗೆಯ ಮಕ್ಕಳಲ್ಲಿ ಕೆಲವರಿಗೆ ಸೋಯಾ ಕೂಡ ಆಗುವುದಿಲ್ಲವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಸೋಯಾವೂ ಹೋದ ಮೇಲೆ ಹತ್ತು ದಿನದ ಆಸುಪಾಸಿನಲ್ಲಿ ಮಲ ಶುದ್ಧವಾಯಿತು.

ಈ ನಡುವೆ ಹಣ ಸುರಿದ ಕಥೆಯೂ ಇದೆ. ಬಂಧುಗಳ ಒತ್ತಾಯಕ್ಕೆ ಒಂದು ಪ್ರಯೋಗಾಲಯದಲ್ಲಿ ಉದ್ದನೆಯ ಪಟ್ಟಿಯ ಐಜಿಇ ರಕ್ತ ಪರೀಕ್ಷೆ ಮಾಡಿಸಿದೆವು, ಎಂಟೋ ಒಂಬತ್ತೋ ಸಾವಿರ. ಹಾಲು ನೆಗೆಟಿವ್, ಬದನೆಕಾಯಿ, ಗೋಧಿ, ಕಡಲೆಬೇಳೆ ಪಾಸಿಟಿವ್. ನಿಧಾನದ ಬಗೆಯನ್ನು ಐಜಿಇ ಪರೀಕ್ಷೆ ಹಿಡಿಯುವುದೇ ಇಲ್ಲ, ಹಾಗಾಗಿ ಹಾಲಿನ ನೆಗೆಟಿವ್‌ಗೆ ಅರ್ಥವಿರಲಿಲ್ಲ. ಉಳಿದ ಪಾಸಿಟಿವ್‌ಗಳ ಬೆಲೆಯೇನು ಎಂಬುದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ, ಆಹಾರದ ಅಲರ್ಜಿ ಕುರಿತ ಯೂರೋಪ್ರಿವಾಲ್ ಅಧ್ಯಯನದಲ್ಲಿ ನೂರಕ್ಕೆ ಸುಮಾರು 26 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇತ್ತು. ನಿಜವಾದ ಅಲರ್ಜಿ ಇರಬಹುದಾದವರು ನೂರಕ್ಕೆ 1.2ರಷ್ಟು ಮಾತ್ರ. ಅಂದರೆ ತಿಂದು ಏನೂ ಆಗದ ಪದಾರ್ಥವನ್ನು ಕಾಗದ ನೋಡಿ ಬಿಡಿಸಿದರೆ ಮಗು ಬಡವಾಗುತ್ತದೆ, ಅಷ್ಟೇ. ಪರೀಕ್ಷೆ ಬೇಕಾದವರು ತಿಂದ ಕೂಡಲೇ ತೊಂದರೆಯಾದ ಒಂದೆರಡು ಪದಾರ್ಥಗಳಿಗೆ ಮಾತ್ರ, ವೈದ್ಯರು ಹೇಳಿದರೆ ಮಾಡಿಸಲಿ.

ಹಾಲು ಬಿಟ್ಟು ಗುಣವಾದ ಮೇಲೆ ನಾನು ಮಾಡಿದ ಕೆಲಸಕ್ಕೆ ಮನೆಯಲ್ಲಿ ಯಾರ ಒಪ್ಪಿಗೆಯೂ ಇರಲಿಲ್ಲ. ಮತ್ತೆ ಹಾಲು ಕುಡಿದೆ. ವೈದ್ಯರಿಗೆ ತಿಳಿಸಿ, ದಿನಕ್ಕೊಂದು ಲೋಟ. ಮೂರನೆಯ ದಿನದ ಹೊತ್ತಿಗೆ ರಕ್ತದ ಎಳೆ ಮರಳಿತು, ನಿಲ್ಲಿಸಿದೆ, ಹೋಯಿತು. ಈ ಮರುಪರೀಕ್ಷೆಯನ್ನು ಮಾಡದ ತಾಯಂದಿರು ಎಷ್ಟೋ ಮಂದಿ ವರ್ಷಗಟ್ಟಲೆ ಕಾರಣವಿಲ್ಲದೆ ಹಾಲು ಬಿಟ್ಟು, ತಮ್ಮ ಮೂಳೆಯನ್ನೂ ಸವೆಸಿಕೊಂಡು ಕೂತಿದ್ದಾರೆ. ಶಿಶುಗಳ ಇಂಥ ರಕ್ತ ಎಷ್ಟೋ ಸಲ ತಾನಾಗಿಯೇ ನಿಲ್ಲುತ್ತದೆ. ಬಿಟ್ಟಾಗ ಹೋಗಿ, ಕೊಟ್ಟಾಗ ಬಂದರೆ ಮಾತ್ರ ಅದು ಅಲರ್ಜಿ. ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ನಾನು ಏನು ತಿಂದೆ, ಮಗುವಿನ ಮಲ ಹೇಗಿತ್ತು, ಚರ್ಮ ಹೇಗಿತ್ತು ಎಂದು ಬರೆದಿಟ್ಟಿದ್ದೆ. ಆ ಪುಸ್ತಕವನ್ನು ನೋಡಿದ ವೈದ್ಯರು ಇಷ್ಟು ಸ್ಪಷ್ಟವಾದ ದಾಖಲೆಯನ್ನು ತಾವು ಕಂಡಿರಲಿಲ್ಲ ಎಂದರು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಬದಲಿ ಹಾಲುಗಳ ಬಗ್ಗೆ ಬಂದ ಸಲಹೆಗಳಿಗೆ ಕೊನೆಯಿರಲಿಲ್ಲ. ನಾಟಿ ಹಸುವಿನ ಎ2 ಹಾಲು, ಎಮ್ಮೆ ಹಾಲು, ಮೇಕೆ ಹಾಲು. ಮೂರರ ಪ್ರೋಟೀನುಗಳೂ ಹತ್ತಿರದ ನೆಂಟರು. ಹಸುವಿನ ಹಾಲು ಆಗದ ಮಕ್ಕಳಲ್ಲಿ ಬಹುಪಾಲಿಗೆ ಮೇಕೆ, ಎಮ್ಮೆಯ ಹಾಲೂ ಆಗುವುದಿಲ್ಲ. ಬೀದಿಯಲ್ಲಿ ಕತ್ತೆ ಹಾಲು ಮಾರುವವರು ಬಂದಾಗ ಅತ್ತೆ ಒಂದು ಒಳಲೆ ಹಾಲಿಗೆ ನೂರು ರೂಪಾಯಿ ಕೊಡಲು ಹೊರಟಿದ್ದರು. ಕತ್ತೆ ಹಾಲು ಈ ಮಕ್ಕಳಲ್ಲಿ ಹಲವರಿಗೆ ಆಗುತ್ತದೆ ಎಂಬುದು ಇಟಲಿಯ ವೈದ್ಯರು ನೋಡಿ ಹೇಳಿರುವ ಸಂಗತಿಯೇ, ಅದು ಮೂಢನಂಬಿಕೆಯಲ್ಲ. ಆದರೆ ಬೀದಿಯ ಹಸಿ ಹಾಲನ್ನು ಎಳೆ ಕೂಸಿಗೆ ಕುಡಿಸಲು ನಾನು ಬಿಡಲಿಲ್ಲ. ಪ್ರೋಟೀನನ್ನು ಚೂರು ಮಾಡಿದ ಡಬ್ಬಿ ಹಾಲನ್ನೂ ತಂದೆವು, 400 ಗ್ರಾಂ ಡಬ್ಬಿಗೆ ಸಾವಿರದ ಐನೂರರ ಮೇಲೆ. ಅದರ ಕಹಿಗೆ ಮಗು ಬಾಯಿ ಮುಚ್ಚಿತು. ಎರಡು ಡಬ್ಬಿ ಹಾಗೆಯೇ ಹೋದವು. ಎದೆಹಾಲು ಇರುವವರು ಆ ಖರ್ಚಿಗೆ ಹೋಗುವ ಮೊದಲು ತಮ್ಮ ಊಟವನ್ನೇ ತಿದ್ದಿಕೊಳ್ಳಲಿ; ಎದೆಹಾಲು ಇಲ್ಲದವರಿಗೆ ಮಾತ್ರ ಆ ಡಬ್ಬಿಯೇ ದಾರಿ, ಅದಕ್ಕೆ ಮನೆಯ ಗಂಜಿ ಬದಲಿಯಲ್ಲ.

ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮವರಿಗೆ ರಾಗಿಯ ಮೇಲೆ ವಿಪರೀತ ನಂಬಿಕೆ. ನನಗೂ ಇದೆ, ಆದರೆ ಲೆಕ್ಕ ಹಾಕಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ರಾಗಿ ಸರಿ ತಿನ್ನುವ ಕೂಸು ದಿನಕ್ಕೆ ನಲವತ್ತು ಗ್ರಾಂ ಹಿಟ್ಟು ತಿಂದರೆ ಹೆಚ್ಚು. ಉಳಿದದ್ದನ್ನು ಸಿರಪ್ಪಿನಿಂದಲೇ ತುಂಬಿಸಿದೆವು, ನನಗೂ ಮಾತ್ರೆ.

ಮಗುವಿಗೆ ಕೆನೆ, ಕಡಲೆಹಿಟ್ಟು ಹಚ್ಚಿ ಎರೆಯುವುದನ್ನೂ ಆಗಲೇ ನಿಲ್ಲಿಸಿದ್ದೆ. ಇಸುಬಿನಿಂದ ಒಡೆದ ಚರ್ಮದ ಮೂಲಕ ಒಳಹೋದ ಆಹಾರ ಅಲರ್ಜಿಯನ್ನು ಹುಟ್ಟಿಸಬಹುದು, ಬಾಯಿಯ ಮೂಲಕ ಹೋದದ್ದು ಒಗ್ಗಿಸುತ್ತದೆ ಎಂಬುದು ಲಂಡನ್ನಿನ ಅಲರ್ಜಿ ವೈದ್ಯ ಗಿಡಿಯನ್ ಲ್ಯಾಕ್ ಅವರ ವಾದ. ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ ಕೂಸುಗಳಿಗೆ ಎಳವೆಯಲ್ಲೇ ಕಡಲೆಕಾಯಿ ತಿನ್ನಿಸಿದಾಗ ಅದರ ಅಲರ್ಜಿ ನೂರಕ್ಕೆ ಎಂಬತ್ತರಷ್ಟು ಕಡಿಮೆಯಾಗಿತ್ತು. ವೈದ್ಯರನ್ನು ಕೇಳಿ, ಆರು ತಿಂಗಳು ತುಂಬಿದ ಮೇಲೆ ನುಣ್ಣಗೆ ಅರೆದ ಕಡಲೆಬೀಜವನ್ನು ಸರಿಯಲ್ಲಿ ಕಲಸಿದೆ. ಏನೂ ಆಗಲಿಲ್ಲ. ಅದರಿಂದಲೇ ಕಡಲೆಬೀಜದ ಮೊಸರಿನ ಪ್ರಯೋಗ ಹುಟ್ಟಿತು. ಬೀಜ ನೆನೆಸಿ, ಅರೆದು, ಸೋಸಿ, ಕಾಯಿಸಿ, ಉಗುರುಬೆಚ್ಚಗಾದಾಗ ಹಸಿಮೆಣಸಿನಕಾಯಿಯ ತೊಟ್ಟು ಹಾಕಿಟ್ಟರೆ ಹೆಪ್ಪಾಗುತ್ತದೆ. ಹಾಲಿನ ಹೆಪ್ಪು ಬೇಡ. ಮೊದಲ ಸಲದ್ದು ನೀರುನೀರು, ವಾಸನೆಯೂ ಹಸಿ. ಆ ಮೊಸರನ್ನೇ ಹೆಪ್ಪಾಗಿ ಬಳಸಿದ ಎರಡನೆಯ ಸಲದ್ದು ಗಟ್ಟಿಯಾಗಿ ಬಂತು. ತೆಂಗಿನ ಹಾಲಿನದ್ದು ರುಚಿ ಚೆನ್ನ, ಆದರೆ ಅದರಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಏಣಿ. ವರ್ಷ ತುಂಬಿ, ಆರು ತಿಂಗಳಿಗಿಂತ ಹೆಚ್ಚು ಕಾಲ ಯಾವ ಲಕ್ಷಣವೂ ಇಲ್ಲದಿದ್ದಾಗ ವೈದ್ಯರ ಒಪ್ಪಿಗೆಯಿಂದ ಶುರುಮಾಡಿದೆ. ಬ್ರಿಟನ್ನಿನವರ 2013ರ ಏಣಿಗೆ ಹನ್ನೆರಡು ಮೆಟ್ಟಿಲು, 2017ರ ಐಮ್ಯಾಪ್ ಎಂಬ ಮಾರ್ಗಸೂಚಿಯ ಏಣಿಗೆ ಆರು: ಬಿಸ್ಕತ್ತು, ಮಫಿನ್, ಪ್ಯಾನ್‌ಕೇಕ್, ಚೀಸ್, ಮೊಸರು, ಹಾಲು. ನಮ್ಮಲ್ಲಿ ಇದು ಕೆಡುವುದು ಎಲ್ಲಿ ಎಂದರೆ, ಬೇಯಿಸಿದ್ದೆಲ್ಲ ಒಂದೇ ಎಂದು ತಿಳಿಯುವಲ್ಲಿ. ಓವನ್ನಿನಲ್ಲಿ 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೆಂದ ಬನ್ನೂ ಹಬೆಯಲ್ಲಿ ಹತ್ತು ನಿಮಿಷ ಬೆಂದ ಇಡ್ಲಿಯೂ ಒಂದಲ್ಲ. ಒಣ ಶಾಖಕ್ಕೆ ಹಾಲಿನ ತಿಳಿಯ ಪ್ರೋಟೀನುಗಳು ರೂಪ ಕಳೆದುಕೊಳ್ಳುತ್ತವೆ, ಗೋಧಿಯ ಅಂಟು ಉಳಿದದ್ದನ್ನು ಕಟ್ಟಿಹಾಕುತ್ತದೆ. ಹಾಲಿನ ಇನ್ನೊಂದು ಪ್ರೋಟೀನಾದ ಕೇಸೀನ್ ಮಾತ್ರ ಶಾಖಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಚೆನ್ನಾಗಿ ಕುದಿಸಿದ ಹಾಲು ಕೆಳಗಿನ ಮೆಟ್ಟಿಲಲ್ಲ, ಮಜ್ಜಿಗೆ ಹುಳಿಯೂ ಅಲ್ಲ. ಖೋವಾ ಇನ್ನೂ ಮೋಸದ್ದು: ಒಂದು ಲೀಟರ್ ಹಾಲು ಬತ್ತಿ ಇನ್ನೂರು ಗ್ರಾಂ ಆಗುವಾಗ, ಒಂದು ಚಮಚ ಖೋವಾ ಎಂದರೆ ಐದು ಚಮಚ ಹಾಲು.

ನಾಲ್ಕು ಸಾವಿರದ ಆಸುಪಾಸಿನಲ್ಲಿ ಒಂದು ಚಿಕ್ಕ ಓವನ್ ಕೊಂಡೆ. ಇಡೀ ಯತ್ನದಲ್ಲಿ ಸಾರ್ಥಕವಾದ ಖರ್ಚು ಇದೊಂದೇ. ಮೊದಲ ಮೆಟ್ಟಿಲು ಗೋಧಿ ಬಿಸ್ಕತ್ತು. ಇಪ್ಪತ್ತು ಬಿಸ್ಕತ್ತಿನ ಹಿಟ್ಟಿಗೆ ಒಂದು ಚಮಚ ಹಾಲಿನ ಪುಡಿ. ಕಾಲು ಬಿಸ್ಕತ್ತಿನಿಂದ ಶುರು, ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಏರಿಸಿ, ಪೂರ್ತಿ ಒಂದು ತಿಂದು ಒಗ್ಗಿದ ಮೇಲೆ ಎರಡು ವಾರ ಅಲ್ಲೇ ನಿಂತೆ. ಪುಡಿ ಎಲ್ಲ ಬಿಸ್ಕತ್ತಿಗೂ ಸಮನಾಗಿ ಸೇರಲು ನನ್ನದೊಂದು ಕ್ರಮವಿದೆ, ಹಿಟ್ಟಿಗೆ ಹಾಕುವ ಇನ್ನೊಂದು ಪದಾರ್ಥವೂ ಇದೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಮಕ್ಕಳಿಗಾಗಿ ಮಾಡಿ ಮಾರುವ ಯೋಚನೆ ನನಗಿದೆ. ಎರಡನೆಯದು ಹಾಲಿನಲ್ಲಿ ಕಲಸಿದ ಬನ್. ಮೂರನೆಯದು ಹಾಲು ಸೇರಿಸಿದ ದಪ್ಪ ಗೋಧಿ ದೋಸೆ, ಎರಡೂ ಬದಿ ಕೆಂಪಗೆ ಬೇಯಬೇಕು. ನಾಲ್ಕನೆಯದು ಮೊಸರು ಹಾಕಿದ ರವೆ ಇಡ್ಲಿ, ಆಮೇಲೆ ಪನೀರ್, ಮಜ್ಜಿಗೆ ಹುಳಿ, ಮೊಸರು, ಕೊನೆಗೆ ಹಾಲು.

ಗೋಧಿಯ ಬದಲು ರಾಗಿ ಬಿಸ್ಕತ್ತು ಮಾಡಿ ನೋಡಿದೆ, ಹಾಲಿನ ಪುಡಿ ಅಷ್ಟೇ. ವಾರದಲ್ಲಿ ಮೊಣಕೈ ಕೆಂಪಾಯಿತು. ರಾಗಿಯಲ್ಲಿ ಗೋಧಿಯ ಆ ಅಂಟು, ಅಂದರೆ ಗ್ಲುಟೆನ್ ಇಲ್ಲ, ಕಟ್ಟಿಹಾಕುವ ಶಕ್ತಿ ಇಲ್ಲ ಎಂಬುದು ನನ್ನ ಊಹೆ. ಒಂದೇ ಮಗುವಿನಲ್ಲಿ ಕಂಡದ್ದು ಎಂದು ತೂಗಿ ನೋಡಿ.

ಬಿದ್ದದ್ದು ರವೆ ಇಡ್ಲಿಯಲ್ಲಿ. ಅರ್ಧ ಇಡ್ಲಿಗೆ ಬರುವಷ್ಟರಲ್ಲಿ ಲೋಳೆ, ರಾತ್ರಿಯೆಲ್ಲ ಅಳು. ಆಡಿಕೊಂಡವರು ಗೆದ್ದೆವೆಂದುಕೊಂಡರು. ನನ್ನ ಗಂಡನೂ "ಸಾಕು ಬಿಡು, ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತಾನೆ" ಎಂದರು. ಏಣಿಯಿಂದ ಇಳಿಯಲಿಲ್ಲ, ಒಂದು ಮೆಟ್ಟಿಲು ಹಿಂದೆ ಬಂದು ದೋಸೆಯಲ್ಲಿ ಒಂದೂವರೆ ತಿಂಗಳು ನಿಂತೆ. ತಾನಾಗಿ ವಾಸಿಯಾಗುತ್ತದೆ ಎಂಬುದು ನಿಜ, ಈ ಬಗೆಯವರಲ್ಲಿ ಹೆಚ್ಚಿನವರಿಗೆ ಎಳವೆಯಲ್ಲೇ ಹೋಗುತ್ತದೆ. ಆದರೆ ಹೋಗಿದೆಯೇ ಎಂದು ತಿಳಿಯುವುದು ಹೇಗೆ? ತಿಳಿಯದೆ ಮಗುವಿಗೆ ಮೂರು ವರ್ಷ ಎಲ್ಲರ ತಟ್ಟೆಯಿಂದ ಬೇರೆ ತಟ್ಟೆ ಇಡುವುದೇಕೆ? ಎರಡನೆಯ ಸಲ ಇಡ್ಲಿ ದಾಟಿದ. ಹಲ್ಲು ಬರುವಾಗ, ನೆಗಡಿಯಲ್ಲಿ, ಲಸಿಕೆ ಹಾಕಿಸಿದ ವಾರ ಹೊಸ ಮೆಟ್ಟಿಲು ಏರಿಸಬೇಡಿ. ಏನಾದರೂ ಆದರೆ ಯಾವುದರಿಂದ ಎಂದು ತಿಳಿಯುವುದೇ ಇಲ್ಲ. ಪನೀರ್ ಸಲೀಸಾಗಿ ಹೋಯಿತು. ಮೊಸರಿಗೆ ಎರಡು ತಿಂಗಳು ಬೇಕಾಯಿತು.

ಹೊರಗಿನ ತಿಂಡಿಗಳಲ್ಲಿ ಪೊಟ್ಟಣದವು ಸುಲಭ. 2020ರ ಲೇಬಲ್ ನಿಯಮದಂತೆ ಹಾಲು, ಮೊಟ್ಟೆ, ಕಡಲೆಕಾಯಿ, ಸೋಯಾ ಇತ್ಯಾದಿಗಳನ್ನು ಪೊಟ್ಟಣದ ಮೇಲೆ ಬರೆಯಲೇಬೇಕು. ಕಷ್ಟ ಬೇಕರಿಯ ಬಿಡಿ ಬನ್ನಿನದು, ಬೆಣ್ಣೆ ಹಾಕಿದ ಕೋಡುಬಳೆಯದು, ದೇವಸ್ಥಾನದ ಪಂಚಾಮೃತದ್ದು. ಪ್ರೊಬಯಾಟಿಕ್ ಪುಡಿಗಳಲ್ಲೂ ಕೆಲವಕ್ಕೆ ಹಾಲಿನ ಅಂಶವಿರುತ್ತದೆ, ಕೇಳಿ ಕೊಳ್ಳಿ. ಅಂಗನವಾಡಿಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲಿದೆ, ಲೋಟಕ್ಕೆ 150 ಮಿಲಿಲೀಟರ್. ವೈದ್ಯರ ಚೀಟಿಯನ್ನು ಕಾರ್ಯಕರ್ತೆಗೆ ಕೊಟ್ಟು, ಸಹಾಯಕಿಗೂ ಓದಿ ಹೇಳಿದೆ. ಲೋಟ ಹಂಚುವವರು ಅವರೇ. ಇಬ್ಬರೂ ಮನಸ್ಸಿಟ್ಟು ನೋಡಿಕೊಂಡರು. ಈಗ ಮನೆಯಲ್ಲಿ ಅರ್ಧ ಲೋಟ ಹಾಲಿನವರೆಗೆ ಬಂದಿದ್ದೇವೆ, ಪೂರ್ತಿ ಲೋಟ ಒಗ್ಗಿದ ಮೇಲೆ ಆ ಚೀಟಿಯನ್ನು ವಾಪಸ್ ತರುತ್ತೇನೆ.

ಸುತ್ತಲಿನ ಊರುಗಳಿಂದ ಈಗ ಕೆಲವು ತಾಯಂದಿರು ಬರುತ್ತಾರೆ. ಕೂತ ಕೂಡಲೇ ಬಿಸ್ಕತ್ತು ಕೇಳುತ್ತಾರೆ. ಮಗುವಿಗೆ ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ, ವೈದ್ಯರು ಏನೆಂದರು ಎಂದು ಕೇಳಿ, ಅವರು ಬರೆದಿಟ್ಟ ಪುಸ್ತಕವನ್ನು ನೋಡಿದ ಮೇಲೆಯೇ ಡಬ್ಬಿ ತೆಗೆಯುತ್ತೇನೆ. ಪುಸ್ತಕ ಇಲ್ಲದವರಿಗೆ ಒಂದು ಖಾಲಿ ಪುಸ್ತಕ ಕೊಟ್ಟು, ಎರಡು ವಾರ ಬರೆದು ತನ್ನಿ ಎಂದು ಕಳಿಸುತ್ತೇನೆ.